ಒಂದೇ ಗೆರೆ ಎರಡು ಸಲ ಕತ್ತರಿಸುವುದೇಕೆ? ಕೈಚಿತ್ರವನ್ನು ಲೇಸರ್ ಕಟಿಂಗ್‌ಗೆ ಸಿದ್ಧ ಮಾಡುವ ಬಗೆ

ಪೆನ್ನಿನಲ್ಲಿ ಒಂದು ಹಕ್ಕಿ ಬಿಡಿಸಿದ್ದೀರಿ ಅಂದುಕೊಳ್ಳಿ. ಮೈಯ ಸುತ್ತ ಒಂದು ಗೆರೆ, ಒಂದು ಕಣ್ಣು, ರೆಕ್ಕೆಯ ಮೇಲೆ ಒಂದಷ್ಟು ಗರಿ. ಅದನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ‘ಟ್ರೇಸ್’ ಒತ್ತಿ, ಬಂದ ಫೈಲನ್ನು ಲೇಸರ್ ಯಂತ್ರಕ್ಕೆ ಕೊಟ್ಟಿರಿ. ಪರದೆಯ ಮೇಲೆ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಪ್ಲೈವುಡ್ಡಿನ ಮೇಲೆ ಯಂತ್ರ ಹಕ್ಕಿಯ ಸುತ್ತ ಎರಡು ಸಲ ಓಡಿತು. ಎರಡು ಸುತ್ತಿನ ನಡುವೆ ದಾರದಷ್ಟು ತೆಳುವಾದ ಮರದ ಎಳೆ ಸುಟ್ಟು ಕಪ್ಪಾಯಿತು. ಗರಿಗಳು ಚೂರುಚೂರಾಗಿ ಉದುರಿದವು.

ಯಂತ್ರದಲ್ಲಿ ತೊಂದರೆ ಇಲ್ಲ. ಫೈಲಿನಲ್ಲಿ ನಿಜಕ್ಕೂ ಎರಡು ಗೆರೆ ಇದ್ದವು. ನೀವು ಎಳೆದದ್ದು ಒಂದೇ ಗೆರೆ. ಅದು ಎರಡಾದದ್ದು ಹೇಗೆ?

ಮೇಜಿನ ಮೇಲೆ ಇಟ್ಟುಕೊಳ್ಳುವಷ್ಟು ಚಿಕ್ಕ ಲೇಸರ್ ಯಂತ್ರಗಳು ಬಂದ ಮೇಲೆ ಈ ಕೆಲಸಕ್ಕೆ ಕೈ ಹಾಕುವವರು ಜಾಸ್ತಿಯಾಗಿದ್ದಾರೆ. ಯಂತ್ರ ಓಡಿಸುವುದನ್ನು ಬೇಗ ಕಲಿಯಬಹುದು. ಹೆಚ್ಚಿನವರು ಎಡವುವುದು ಅದಕ್ಕೂ ಮೊದಲು, ಚಿತ್ರ ಫೈಲಾಗುವ ಹಂತದಲ್ಲಿ. ಆ ಹಂತದಲ್ಲಿ ಒಳಗೆ ಏನು ನಡೆಯುತ್ತದೆ ಎಂದು ಒಮ್ಮೆ ತಿಳಿದರೆ, ಯಾವ ಸಾಫ್ಟ್‌ವೇರ್ ಬಳಸಿದರೂ ತಪ್ಪು ಎಲ್ಲಿದೆ ಎಂದು ನೀವೇ ಹಿಡಿಯಬಹುದು.

## ಯಂತ್ರಕ್ಕೆ ಬೇಕಾದದ್ದು ದಾರಿ

ಸ್ಕ್ಯಾನರ್ ನಿಮ್ಮ ಹಾಳೆಯನ್ನು ತುಂಬಾ ಚಿಕ್ಕ ಚೌಕಗಳಾಗಿ ಒಡೆಯುತ್ತದೆ. ಇವೇ ಪಿಕ್ಸೆಲ್‌ಗಳು. ಎ4 ಹಾಳೆಯನ್ನು 300 ಡಿಪಿಐನಲ್ಲಿ, ಅಂದರೆ ಒಂದು ಇಂಚಿಗೆ 300 ಚೌಕದ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿದರೆ ಅಗಲಕ್ಕೆ 2480, ಉದ್ದಕ್ಕೆ 3508 ಚೌಕ ಸಿಗುತ್ತವೆ. ಒಟ್ಟು ಸುಮಾರು 87 ಲಕ್ಷ. ಪ್ರತಿ ಚೌಕಕ್ಕೂ ಒಂದು ಬಣ್ಣ. ಆ ಫೈಲಿನಲ್ಲಿ ಇರುವುದು ಇಷ್ಟೇ. ‘ಇಲ್ಲೊಂದು ಗೆರೆ ಶುರುವಾಗುತ್ತದೆ, ಸ್ವಲ್ಪ ಮುಂದೆ ಎಡಕ್ಕೆ ಬಾಗುತ್ತದೆ’ ಎನ್ನುವ ಮಾತು ಅದರಲ್ಲಿ ಎಲ್ಲೂ ಇಲ್ಲ. ಗೆರೆಯನ್ನು ಕಾಣುವುದು ನಮ್ಮ ಕಣ್ಣು ಮಾತ್ರ. ಇಂಥ ಚೌಕಗಳ ಚಿತ್ರಕ್ಕೆ ರಾಸ್ಟರ್ ಎನ್ನುತ್ತಾರೆ.

ಕತ್ತರಿಸುವ ಯಂತ್ರಕ್ಕೆ ಬೇಕಾದದ್ದು ಬೇರೆ. ಲೇಸರ್ ಕಿರಣ ಎಲ್ಲಿಂದ ಹೊರಡಬೇಕು, ಯಾವ ಕಡೆ ತಿರುಗಬೇಕು, ಎಲ್ಲಿ ನಿಲ್ಲಬೇಕು ಎನ್ನುವ ದಾರಿ ಬೇಕು. ಒಬ್ಬರಿಗೆ ಜಾಗದ ಫೋಟೋ ತೋರಿಸುವುದಕ್ಕೂ ‘ನೇರ ಹೋಗಿ, ಮರದ ಹತ್ತಿರ ಬಲಕ್ಕೆ ತಿರುಗಿ’ ಎಂದು ಹೇಳುವುದಕ್ಕೂ ವ್ಯತ್ಯಾಸ ಇದೆ ಅಲ್ವಾ, ಹಾಗೆ. ಈ ದಾರಿಗಳ ಚಿತ್ರವೇ ವೆಕ್ಟರ್. ಒಂದೊಂದು ದಾರಿಯೂ ಒಂದು ಪಾತ್. ಚೌಕಗಳ ಚಿತ್ರದಿಂದ ಈ ದಾರಿಗಳನ್ನು ತೆಗೆಯುವ ಕೆಲಸವೇ ಟ್ರೇಸ್.

ಇಲ್ಲಿ ಒಂದು ವಿಷಯ ಗಮನದಲ್ಲಿರಲಿ. ಮರದ ಮೇಲೆ ಸುಟ್ಟು ಚಿತ್ರ ಮೂಡಿಸುವ ಕೆಲಸವನ್ನು, ಅಂದರೆ ಎನ್‌ಗ್ರೇವಿಂಗ್ ಅನ್ನು, ಪಿಕ್ಸೆಲ್ ಚಿತ್ರದಿಂದಲೇ ಮಾಡಬಹುದು. ಆಗ ಯಂತ್ರ ಪ್ರಿಂಟರಿನ ಹಾಗೆ ಸಾಲುಸಾಲಾಗಿ ಆಚೆ ಈಚೆ ಓಡುತ್ತದೆ. ಕತ್ತರಿಸಲು ಮಾತ್ರ ಪಾತ್ ಬೇಕೇ ಬೇಕು.

ಪಾತ್‌ನಲ್ಲಿ ಬಾಗಿದ ಗೆರೆಗಳನ್ನು ಬರೆದಿಡುವ ರೀತಿ ಕಾರು ಕಾರ್ಖಾನೆಗಳಿಂದ ಬಂದದ್ದು. ಸಿಟ್ರೊಯೆನ್‌ನಲ್ಲಿ ಪಾಲ್ ಡಿ ಕಾಸ್ಟೆಲ್ಜೋ 1959ರಲ್ಲಿ ಇದರ ಲೆಕ್ಕ ಕಂಡುಕೊಂಡರು. ಕಂಪನಿ ಅದನ್ನು ಗುಟ್ಟಾಗಿ ಇಟ್ಟುಕೊಂಡಿತು. 1960ರ ದಶಕದಲ್ಲಿ ರೆನೋದ ಪಿಯರ್ ಬೆಜಿಯೆ ತಮ್ಮ ದಾರಿಯಲ್ಲಿ ಅದೇ ಜಾಗಕ್ಕೆ ಬಂದು, ಅದನ್ನು ಪ್ರಕಟಿಸಿದರು. ಹಾಗಾಗಿ ಹೆಸರು ಬೆಜಿಯೆಯದ್ದೇ ಉಳಿಯಿತು. ಒಂದು ಬಾಗಿದ ಗೆರೆಗೆ ನಾಲ್ಕು ಬಿಂದು ಸಾಕು. ಎರಡು ತುದಿಗಳು, ಮತ್ತು ಗೆರೆಯನ್ನು ತಮ್ಮ ಕಡೆ ಎಳೆಯುವ ಎರಡು ಹಿಡಿಗಳು. ತುದಿಯ ಬಿಂದುಗಳಿಗೆ ನೋಡ್ ಎನ್ನುತ್ತಾರೆ. ನೂರಾರು ಪಿಕ್ಸೆಲ್ ಉದ್ದದ ಬಾಗನ್ನು ಈ ನಾಲ್ಕೇ ಬಿಂದುಗಳಲ್ಲಿ ಹೇಳಿಬಿಡಬಹುದು.

## ಎಲ್ಲಕ್ಕಿಂತ ಮೊದಲ ಪ್ರಶ್ನೆ

ಈಗ ಹಕ್ಕಿಯ ಎರಡು ಗೆರೆಗೆ ಬರೋಣ. ನಿಮ್ಮ ಪೆನ್ನಿನ ಗೆರೆ 0.5 ಮಿ.ಮೀ. ದಪ್ಪ ಇದೆ ಎಂದಿಟ್ಟುಕೊಳ್ಳಿ. 300 ಡಿಪಿಐನಲ್ಲಿ ಅದು ಸುಮಾರು 6 ಪಿಕ್ಸೆಲ್ ಅಗಲ. ನಮಗೆ ಅದು ಗೆರೆ. ಕಂಪ್ಯೂಟರಿಗೆ ಅದು ಉದ್ದನೆಯ, ತೆಳುವಾದ ಒಂದು ಕಪ್ಪು ಪಟ್ಟಿ. ಪಟ್ಟಿ ಅಂದಮೇಲೆ ಅದಕ್ಕೆ ಆ ಕಡೆ ಒಂದು ಅಂಚು, ಈ ಕಡೆ ಒಂದು ಅಂಚು. ಸಾಮಾನ್ಯ ಟ್ರೇಸ್ ಮಾಡುವ ಕೆಲಸವೇ ಕಪ್ಪು ಜಾಗದ ಅಂಚನ್ನು ಹಿಡಿದು ಸುತ್ತುವುದು. ಹಾಗಾಗಿ ಹಕ್ಕಿಯ ಹೊರಗೊಂದು ಸುತ್ತು, ಒಳಗೊಂದು ಸುತ್ತು ಬರುತ್ತದೆ. ನೀವು ಕಂಡ ಎರಡು ಕೊಯ್ತ ಇವೇ.

ಇಂಕ್‌ಸ್ಕೇಪ್ ಎಂಬ ಉಚಿತ ಸಾಫ್ಟ್‌ವೇರಿನ ‘ಟ್ರೇಸ್ ಬಿಟ್‌ಮ್ಯಾಪ್’ ಹಿಂದೆ ಇರುವುದು ಪೊಟ್ರೇಸ್ ಎಂಬ ಪ್ರೋಗ್ರಾಮ್. ಪೀಟರ್ ಸೆಲಿಂಜರ್ ಇದನ್ನು 2001ರಲ್ಲಿ ಹೊರತಂದರು. ಅದು ಕೊಡುವುದು ಯಾವಾಗಲೂ ಮುಚ್ಚಿದ ಅಂಚುಗಳನ್ನೇ. ಲೋಗೋ, ಅಕ್ಷರ, ತುಂಬಿದ ಆಕಾರಗಳಿಗೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಬರೀ ಗೆರೆಯ ಚಿತ್ರಕ್ಕೆ ಬಳಸಿದಾಗ ಗೆರೆ ಎರಡಾಗುತ್ತದೆ.

ಹಾಗಂತ ಅಂಚಿನ ಟ್ರೇಸ್ ಯಾವಾಗಲೂ ತಪ್ಪಲ್ಲ. ಇದನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ಇಡೀ ಕೆಲಸ ನಿಂತಿರುವುದೇ ಇದರ ಮೇಲೆ. ನಿಮ್ಮ ಗೆರೆಯನ್ನು ನೀವು ಕತ್ತರಿಸಬೇಕಾ, ಉಳಿಸಿಕೊಳ್ಳಬೇಕಾ? ಜಾಲರಿಯ ಹಾಗೆ ಕಪ್ಪು ಗೆರೆಗಳೇ ಮರವಾಗಿ ಉಳಿದು, ನಡುವಿನ ಬಿಳಿ ಜಾಗ ತೂತಾಗಬೇಕು ಅಂದರೆ ಅಂಚಿನ ಟ್ರೇಸೇ ಸರಿ. ಆಗ ಆ ಎರಡು ಸುತ್ತುಗಳ ನಡುವಿನ ಭಾಗವೇ ನಿಮಗೆ ಬೇಕಾದ ವಸ್ತು. ಅದಕ್ಕಾಗಿ ದಪ್ಪ ಪೆನ್ನಿನಲ್ಲಿ ಬಿಡಿಸಬೇಕು, ಗೆರೆಗಳು ಎಲ್ಲ ಕಡೆ ಒಂದಕ್ಕೊಂದು ತಾಗಿರಬೇಕು. ಹಾಗಲ್ಲದೆ, ಗೆರೆ ಅನ್ನುವುದು ‘ಇಲ್ಲಿ ಕತ್ತರಿಸು’ ಎಂಬ ಗುರುತು ಮಾತ್ರ ಆಗಿದ್ದರೆ, ನಿಮಗೆ ಬೇಕಾದದ್ದು ಪಟ್ಟಿಯ ಮಧ್ಯದಲ್ಲಿ ಓಡುವ ಒಂದೇ ಗೆರೆ. ಇದಕ್ಕೆ ಸೆಂಟರ್‌ಲೈನ್ ಟ್ರೇಸ್ ಎನ್ನುತ್ತಾರೆ. ನಾವು ನಡುಗೆರೆ ಅನ್ನೋಣ.

ನಮ್ಮ ಹಕ್ಕಿಯಲ್ಲೇ ಮೂರು ಉತ್ತರ ಇವೆ ನೋಡಿ. ಮೈಯ ಸುತ್ತಿನ ಗೆರೆ ಕತ್ತರಿಸಲು. ಕಣ್ಣು ತೂತಾಗಲು. ಗರಿಗಳು ಮೇಲ್ಮೈಯಲ್ಲಿ ಸುಟ್ಟು ಮೂಡಲು. ಕಾಗದದ ಮೇಲೆ ಮೂರೂ ಒಂದೇ ಕಪ್ಪು ಪೆನ್ನಿನ ಗೆರೆಗಳು. ಯಾವುದು ಏನು ಎಂದು ಯಾವ ಸಾಫ್ಟ್‌ವೇರಿಗೂ ಗೊತ್ತಾಗುವುದಿಲ್ಲ. ಅದನ್ನು ನೀವೇ ತೀರ್ಮಾನ ಮಾಡಬೇಕು, ಟ್ರೇಸ್ ಒತ್ತುವ ಮೊದಲೇ ಮಾಡಬೇಕು.

## ನಡುಗೆರೆ ಸಿಗುವ ಬಗೆ

ಒಣ ಹುಲ್ಲಿನ ಒಂದು ಉದ್ದ ಪಟ್ಟಿ ಇದೆ. ಅದರ ಸುತ್ತಲಿನ ಎಲ್ಲ ಅಂಚಿಗೂ ಒಂದೇ ಸಲ ಬೆಂಕಿ ಹಚ್ಚಿದರೆ ಏನಾಗುತ್ತದೆ? ಬೆಂಕಿ ಎರಡೂ ಕಡೆಯಿಂದ ಒಂದೇ ವೇಗದಲ್ಲಿ ಒಳಗೆ ಬರುತ್ತದೆ. ಎರಡು ಬೆಂಕಿಗಳು ಭೇಟಿಯಾಗುವ ಜಾಗಗಳನ್ನು ಸೇರಿಸಿದರೆ ಅದು ಪಟ್ಟಿಯ ನಟ್ಟನಡುವಿನ ಗೆರೆ. ಹ್ಯಾರಿ ಬ್ಲಮ್ 1967ರಲ್ಲಿ ಆಕಾರಗಳ ನಡುಗೆರೆಯನ್ನು ಇದೇ ಹುಲ್ಲಿನ ಬೆಂಕಿಯ ಹೋಲಿಕೆಯಲ್ಲಿ ವಿವರಿಸಿದ್ದರು.

ಕಂಪ್ಯೂಟರ್ ಇದನ್ನು ಪಿಕ್ಸೆಲ್‌ಗಳ ಮೇಲೆ ಮಾಡುತ್ತದೆ. ಕಪ್ಪು ಪಟ್ಟಿಯ ಅಂಚಿನ ಪಿಕ್ಸೆಲ್‌ಗಳನ್ನು ಒಂದೊಂದು ಪದರವಾಗಿ ಸುಲಿಯುತ್ತಾ ಹೋಗುತ್ತದೆ. ಒಂದೇ ನಿಯಮ, ಗೆರೆ ಎಲ್ಲೂ ತುಂಡಾಗಬಾರದು. ಒಂದು ಪಿಕ್ಸೆಲ್ ತೆಗೆದರೆ ಗೆರೆ ಕಡಿದುಹೋಗುತ್ತದೆ ಅನ್ನುವಂತಿದ್ದರೆ ಅದನ್ನು ಬಿಡುತ್ತದೆ. ಕೊನೆಗೆ ಒಂದು ಪಿಕ್ಸೆಲ್ ದಪ್ಪದ ಎಲುಬಿನಂಥ ಗೆರೆ ಉಳಿಯುತ್ತದೆ. 1984ರಲ್ಲಿ ಜಾಂಗ್ ಮತ್ತು ಸುಯೆನ್ ಪ್ರಕಟಿಸಿದ ವಿಧಾನ ಇವತ್ತಿಗೂ ಈ ಕೆಲಸಕ್ಕೆ ಬಳಕೆಯಲ್ಲಿದೆ.

ಈ ವಿಧಾನಕ್ಕೆ ತನ್ನದೇ ತೊಂದರೆಗಳಿವೆ. ಪಟ್ಟಿಯ ಅಂಚಿನಲ್ಲಿ ಒಂದು ಸಣ್ಣ ಉಬ್ಬು ಇದ್ದರೆ ಸಾಕು, ನಡುಗೆರೆಯಿಂದ ಅದರ ಕಡೆಗೆ ಮುಳ್ಳಿನ ಹಾಗೆ ಒಂದು ಕವಲು ಹುಟ್ಟುತ್ತದೆ. ಎರಡು ಗೆರೆ ಕತ್ತರಿಯ ಹಾಗೆ ದಾಟುವ ಜಾಗದಲ್ಲಿ ಒಂದು ಕೂಡು ಸಿಗುವ ಬದಲು ಹತ್ತಿರ ಹತ್ತಿರ ಎರಡು ಕೂಡು ಬರುತ್ತವೆ, ನಡುವೆ ಒಂದು ಚಿಕ್ಕ ಸೇತುವೆ ನಿಲ್ಲುತ್ತದೆ. ಚೂಪಾದ ಮೂಲೆಗಳು ಸ್ವಲ್ಪ ಮೊಂಡಾಗುತ್ತವೆ. ಇವನ್ನು ಕೈಯಲ್ಲೇ ಸರಿಪಡಿಸಬೇಕು. ಇಂಕ್‌ಸ್ಕೇಪ್‌ನಲ್ಲಿ 2020ರ 1.0 ಆವೃತ್ತಿಯಿಂದ ನಡುಗೆರೆಯ ಟ್ರೇಸ್ ಸಿಗುತ್ತದೆ. ಇಲ್ಲಸ್ಟ್ರೇಟರ್ ಎಂಬ ಇನ್ನೊಂದು ಚಿತ್ರದ ಸಾಫ್ಟ್‌ವೇರಿನ ‘ಇಮೇಜ್ ಟ್ರೇಸ್’ನಲ್ಲಿ ‘ಸ್ಟ್ರೋಕ್ಸ್’ ಎಂಬ ಆಯ್ಕೆ ಹೆಚ್ಚುಕಡಿಮೆ ಇದೇ ಕೆಲಸಕ್ಕೆ.

ಇನ್ನೊಂದು ದಾರಿಯೂ ಇದೆ. ಗೆರೆಗಳು ಕಡಿಮೆ ಇದ್ದರೆ ಟ್ರೇಸ್ ಬಿಟ್ಟು, ಸ್ಕ್ಯಾನ್ ಮಾಡಿದ ಚಿತ್ರವನ್ನು ಕೆಳಗಿಟ್ಟುಕೊಂಡು, ಪೆನ್ ಟೂಲ್‌ನಿಂದ ನೀವೇ ಮೇಲೆ ಎಳೆಯುವುದು. ಹಕ್ಕಿಯಂಥ ಚಿತ್ರಕ್ಕೆ ಎಷ್ಟೋ ಸಲ ಇದೇ ಬೇಗ ಮುಗಿಯುತ್ತದೆ. ಇಪ್ಪತ್ತು ಮೂವತ್ತು ನೋಡ್‌ಗಳಲ್ಲಿ ಕೆಲಸ ಆಗುತ್ತದೆ, ಬರುವ ಗೆರೆಯೂ ನುಣುಪಾಗಿರುತ್ತದೆ. ಟ್ರೇಸ್ ಮಾಡಿ ಒಂದು ಗಂಟೆ ಕಸ ಗುಡಿಸುವುದಕ್ಕಿಂತ ಇದು ಒಳ್ಳೆಯದು.

## ಹಾಳೆಯಿಂದ ಪರದೆಗೆ

ಟ್ರೇಸ್ ಕೆಟ್ಟದಾಗಿ ಬಂದರೆ ಮೊದಲು ಅನುಮಾನ ಪಡಬೇಕಾದದ್ದು ಸ್ಕ್ಯಾನ್ ಮೇಲೆ. ಪೆನ್ಸಿಲ್ ಗೆರೆ ಬೂದು ಬಣ್ಣದ್ದು, ಕಾಗದದ ಒರಟಿಗೆ ತಕ್ಕ ಹಾಗೆ ಚುಕ್ಕಿಚುಕ್ಕಿಯಾಗಿರುತ್ತದೆ. ಅದರ ಮೇಲೆ ಒಂದೇ ದಪ್ಪದ ಕಪ್ಪು ಪೆನ್ನಿನಲ್ಲಿ ಎಳೆದು, ಶಾಯಿ ಒಣಗಿದ ಮೇಲೆ ಪೆನ್ಸಿಲ್ ಅಳಿಸಿ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಅದೇ 0.5 ಮಿ.ಮೀ. ಗೆರೆಗೆ 12 ಪಿಕ್ಸೆಲ್ ಸಿಗುತ್ತವೆ, ಅಂಚು ಅಷ್ಟು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದಿಲ್ಲ. ಫೋನಿನಲ್ಲಿ ಫೋಟೋ ತೆಗೆದರೆ ಓರೆಯಾಗುತ್ತದೆ, ಒಂದು ಮೂಲೆಯಲ್ಲಿ ನೆರಳು ಬೀಳುತ್ತದೆ. ಅಳತೆ ಮುಖ್ಯವಾದ ಕೆಲಸಕ್ಕೆ ಫ್ಲ್ಯಾಟ್‌ಬೆಡ್ ಸ್ಕ್ಯಾನರೇ ಬೇಕು. ಉಳಿಸುವಾಗ ಪಿಎನ್‌ಜಿ ಅಥವಾ ಟಿಫ್ ಆಗಿ ಉಳಿಸಿ. ಜೆಪೆಗ್ ಫೈಲು ಚಿಕ್ಕದಾಗಲೆಂದು ಗೆರೆಗಳ ಸುತ್ತ ಮಸುಕು ಚುಕ್ಕಿಗಳನ್ನು ಬಿಡುತ್ತದೆ, ಟ್ರೇಸ್ ಆ ಚುಕ್ಕಿಗಳನ್ನೂ ಆಕಾರ ಎಂದೇ ತಿಳಿಯುತ್ತದೆ.

ಸ್ಕ್ಯಾನರಿನಲ್ಲಿ ‘ಬ್ಲ್ಯಾಕ್ ಅಂಡ್ ವೈಟ್’ ಬದಲು ‘ಗ್ರೇಸ್ಕೇಲ್’ ಆರಿಸುವುದು ಒಳ್ಳೆಯದು. ಗ್ರೇಸ್ಕೇಲ್‌ನಲ್ಲಿ ಪ್ರತಿ ಪಿಕ್ಸೆಲ್‌ಗೂ 0ಯಿಂದ 255ರವರೆಗೆ ಒಂದು ಅಂಕಿ ಇರುತ್ತದೆ. 0 ಅಂದರೆ ಅಚ್ಚ ಕಪ್ಪು, 255 ಅಂದರೆ ಅಚ್ಚ ಬಿಳಿ. ನಂತರ ಒಂದು ಗಡಿ ಹಾಕಬೇಕು. ಆ ಅಂಕಿಗಿಂತ ಕೆಳಗಿರುವುದೆಲ್ಲ ಶಾಯಿ, ಮೇಲಿರುವುದೆಲ್ಲ ಕಾಗದ. ಇದೇ ಥ್ರೆಶೋಲ್ಡ್. ಗಡಿ ಜಾಸ್ತಿ ಮೇಲೆ ಹೋದರೆ ಕಾಗದದ ಕಲೆಗಳೂ ನೆರಳೂ ಶಾಯಿಯ ಲೆಕ್ಕಕ್ಕೆ ಬರುತ್ತವೆ. ಕೆಳಗೆ ಹೋದರೆ ತೆಳು ಗೆರೆಗಳು ಅಲ್ಲಲ್ಲಿ ಕಡಿದುಹೋಗುತ್ತವೆ. ಈ ಗಡಿಯನ್ನು ತಾನಾಗಿಯೇ ಹುಡುಕುವ ಒಂದು ಹೆಸರಾಂತ ವಿಧಾನವನ್ನು ನೊಬುಯುಕಿ ಒಟ್ಸು 1979ರಲ್ಲಿ ಕೊಟ್ಟರು. ಪಿಕ್ಸೆಲ್‌ಗಳು ಕಪ್ಪು ಮತ್ತು ಬಿಳಿ ಎಂಬ ಎರಡು ಗುಂಪಾಗಿ ಆದಷ್ಟು ಚೆನ್ನಾಗಿ ಬೇರೆಯಾಗುವ ಅಂಕಿಯನ್ನು ಅದು ಆರಿಸುತ್ತದೆ. ಹಾಳೆಯ ಒಂದು ಕಡೆ ಬೆಳಕು, ಇನ್ನೊಂದು ಕಡೆ ನೆರಳು ಇದ್ದಾಗ ಮಾತ್ರ ಒಂದೇ ಗಡಿ ಇಡೀ ಹಾಳೆಗೆ ಹೊಂದುವುದಿಲ್ಲ.

## ನೋಡ್‌ಗಳು ಕಡಿಮೆ ಇದ್ದಷ್ಟೂ ಒಳ್ಳೆಯದು

ಟ್ರೇಸ್ ಮುಗಿದ ಮೇಲೆ ನೋಡ್‌ಗಳನ್ನು ತೋರಿಸುವ ಟೂಲ್ ಹಿಡಿದು ನೋಡಿ. ಒಂದು ಚಿಕ್ಕ ಬಾಗಿನ ಮೇಲೆ ಐವತ್ತು ನೋಡ್‌ಗಳು ಇರುವೆ ಸಾಲಿನ ಹಾಗೆ ನಿಂತಿರಬಹುದು. ನಿಮ್ಮ ಕೈ ನಡುಗಿದ್ದು, ಶಾಯಿ ಹರಡಿದ್ದು, ಪಿಕ್ಸೆಲ್ ಮೆಟ್ಟಿಲುಗಳು, ಎಲ್ಲವನ್ನೂ ಅದು ನಿಷ್ಠೆಯಿಂದ ಬರೆದಿಟ್ಟಿರುತ್ತದೆ. ಯಂತ್ರಕ್ಕೆ ಇದು ಪ್ರತಿ ಹೆಜ್ಜೆಗೂ ತಿರುವು ಇರುವ ರಸ್ತೆ. ತಿರುವಿನಲ್ಲಿ ಅದು ನಿಧಾನವಾಗುತ್ತದೆ. ನಿಧಾನವಾದ ಕಡೆ ಶಾಖ ಜಾಸ್ತಿ ಹೊತ್ತು ನಿಂತು ಅಂಚು ಸುಡುತ್ತದೆ.

ಇದಕ್ಕೆ ‘ಸಿಂಪ್ಲಿಫೈ’ ಬೇಕು. ಸಾಫ್ಟ್‌ವೇರ್‌ಗಳು ಇದನ್ನು ಬೇರೆ ಬೇರೆ ರೀತಿ ಮಾಡುತ್ತವೆ. 1973ರಲ್ಲಿ ಡೇವಿಡ್ ಡಗ್ಲಸ್ ಮತ್ತು ಥಾಮಸ್ ಪ್ಯೂಕರ್ ಕೊಟ್ಟ ಒಂದು ವಿಧಾನ ಅರ್ಥ ಮಾಡಿಕೊಳ್ಳಲು ಬಹಳ ಸುಲಭ. ಗೆರೆಯ ಎರಡು ತುದಿಗೆ ಬಿಗಿಯಾಗಿ ದಾರ ಕಟ್ಟಿದಂತೆ ಊಹಿಸಿ. ದಾರದಿಂದ ಎಲ್ಲಕ್ಕಿಂತ ದೂರ ಇರುವ ಬಿಂದು ಯಾವುದು? ಆ ದೂರ ನೀವು ಒಪ್ಪಿದ ಮಿತಿಗಿಂತ ಕಡಿಮೆ ಇದ್ದರೆ ನಡುವಿನ ಬಿಂದುಗಳನ್ನೆಲ್ಲ ಕೈಬಿಡಬಹುದು. ಜಾಸ್ತಿ ಇದ್ದರೆ ಆ ಬಿಂದುವಿನಲ್ಲಿ ಒಂದು ಮೊಳೆ ಹೊಡೆದು, ದಾರವನ್ನು ಎರಡು ಭಾಗ ಮಾಡಿ, ಪ್ರತಿ ಭಾಗಕ್ಕೂ ಅದನ್ನೇ ಕೇಳಿ. ನಡುಕದ ಸಣ್ಣ ಏರಿಳಿತ ಹೋಗುತ್ತದೆ, ದೊಡ್ಡ ಬಾಗುಗಳು ಉಳಿಯುತ್ತವೆ.

ಇಂಕ್‌ಸ್ಕೇಪ್‌ನಲ್ಲಿ ಕಂಟ್ರೋಲ್ ಮತ್ತು ಎಲ್ ಕೀ ಒತ್ತಿದರೆ ಸಿಂಪ್ಲಿಫೈ ಆಗುತ್ತದೆ. ಒಂದು ಸಲ ಒತ್ತಿ, ನಿಂತು ನೋಡಿ. ಒಂದೇ ಸಮ ಒತ್ತುತ್ತಾ ಹೋದರೆ ಹಕ್ಕಿಯ ಕೊಕ್ಕು ಕರಗಿ ಉಂಡೆಯಾಗುತ್ತದೆ.

## ಕಣ್ಣಿಗೆ ಬೀಳದ ತಪ್ಪುಗಳು

ಪರದೆಯ ಮೇಲೆ ಚೆನ್ನಾಗಿ ಕಂಡು ಮರದ ಮೇಲೆ ಕೈಕೊಡುವ ಕೆಲವು ತಪ್ಪುಗಳಿವೆ. ಮೊದಲನೆಯದು ಬಿರುಕು. ಗೆರೆಯ ಶುರು ಮತ್ತು ಕೊನೆ ಒಂದೇ ಜಾಗದಲ್ಲಿ ಕೂಡಿಲ್ಲದಿದ್ದರೆ ಪಾತ್ ತೆರೆದೇ ಇರುತ್ತದೆ. ಆ ಚೂರು ಜಾಗದಲ್ಲಿ ತುಂಡು ಹಲಗೆಗೆ ಅಂಟಿಕೊಂಡೇ ಉಳಿಯುತ್ತದೆ, ಕಿತ್ತರೆ ಪ್ಲೈವುಡ್ಡಿನ ಪದರ ಸೀಳುತ್ತದೆ. ಎರಡು ತುದಿಯ ನೋಡ್‌ಗಳನ್ನು ಆರಿಸಿ ಕೂಡಿಸಿದರೆ ಸರಿಹೋಗುತ್ತದೆ.

ಎರಡನೆಯದು ಒಂದರ ಮೇಲೊಂದು ಕೂತ ಗೆರೆಗಳು. ಒಂದು ಆಕಾರವನ್ನು ಗೊತ್ತಿಲ್ಲದೆ ಎರಡು ಸಲ ಪೇಸ್ಟ್ ಮಾಡಿದ್ದರೆ ಕಣ್ಣಿಗೆ ಒಂದೇ ಕಾಣುತ್ತದೆ, ಆದರೆ ಲೇಸರ್ ಎರಡು ಸಲ ಓಡುತ್ತದೆ. ಮರದ ಅಂಚು ಕಪ್ಪಾಗುತ್ತದೆ, ಅಕ್ರಿಲಿಕ್ ಕರಗುತ್ತದೆ. ಪಕ್ಕಪಕ್ಕದ ಎರಡು ತುಂಡುಗಳಿಗೆ ಒಂದೇ ಅಂಚು ಇದ್ದಾಗಲೂ ಹೀಗೇ, ಅಲ್ಲಿ ಒಂದು ಗೆರೆಯನ್ನು ಅಳಿಸಬೇಕು.

ಮೂರನೆಯದು ದ್ವೀಪ. ಹಲಗೆಯಲ್ಲಿ ಅಕ್ಷರವನ್ನು ತೂತಾಗಿ ಕೊರೆಯಬೇಕು ಅಂದುಕೊಳ್ಳಿ. ಸೊನ್ನೆಯ ಬಳೆಯಂಥ ಗೆರೆಯನ್ನು ಪೂರ್ತಿ ಕತ್ತರಿಸಿ ತೆಗೆದರೆ ಅದರ ನಡುವಿನ ಬಿಲ್ಲೆಗೆ ಹಿಡಿತವೇ ಇರುವುದಿಲ್ಲ, ಅದೂ ಬಿದ್ದುಹೋಗುತ್ತದೆ. ಉಳಿಯುವುದು ಬರೀ ದುಂಡು ತೂತು. ಕನ್ನಡದ ಅಕ್ಷರಗಳಲ್ಲಿ ಸುತ್ತುಗಳು ಜಾಸ್ತಿ, ಹಾಗಾಗಿ ಠ, ಅನುಸ್ವಾರ ಇಂಥ ಕಡೆ ನಡುವಿನ ತುಂಡನ್ನು ಹಿಡಿದಿಡಲು ಸಣ್ಣ ಸೇತುವೆ ಬಿಡಲೇಬೇಕು.

## ಕಿರಣಕ್ಕೂ ದಪ್ಪ ಇದೆ

ಗರಗಸದಲ್ಲಿ ಕೊಯ್ದಾಗ ಹಲ್ಲಿನ ದಪ್ಪದಷ್ಟು ಮರ ಹುಡಿಯಾಗಿ ಹೋಗುತ್ತದೆ. ಲೇಸರಿನಲ್ಲಿ ಅದೇ ಮರ ಹೊಗೆಯಾಗಿ ಹೋಗುತ್ತದೆ. ಹೀಗೆ ಕಳೆದುಹೋಗುವ ಅಗಲಕ್ಕೆ ಕರ್ಫ್ ಎನ್ನುತ್ತಾರೆ. ಮರ, ಅಕ್ರಿಲಿಕ್ ಕತ್ತರಿಸಲು ಹೆಚ್ಚಾಗಿ ಬಳಸುವುದು ಕಾರ್ಬನ್ ಡೈ ಆಕ್ಸೈಡ್ ಲೇಸರ್. ಕುಮಾರ್ ಪಟೇಲ್ 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದದ್ದು ಇದನ್ನೇ. ತೆಳು ಹಲಗೆಯಲ್ಲಿ ಇದರ ಕರ್ಫ್ ಸಾಮಾನ್ಯವಾಗಿ 0.1ರಿಂದ 0.3 ಮಿ.ಮೀ. ಒಳಗೆ ಇರುತ್ತದೆ. ಲೆನ್ಸ್, ವೇಗ, ಹಲಗೆಯ ದಪ್ಪ ಬದಲಾದ ಹಾಗೆ ಇದೂ ಬದಲಾಗುತ್ತದೆ.

ಗೋಡೆಗೆ ತೂಗುಹಾಕುವ ಹಕ್ಕಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಒಂದು ತುಂಡು ಇನ್ನೊಂದರೊಳಗೆ ಕೂರಬೇಕಾದರೆ ಲೆಕ್ಕ ಮಾಡಲೇಬೇಕು. ಕರ್ಫ್ 0.2 ಮಿ.ಮೀ. ಇದೆ ಎನ್ನೋಣ. 20 ಮಿ.ಮೀ. ಚೌಕವನ್ನು ಕಿರಣ ಗೆರೆಯ ಮೇಲೇ ಕತ್ತರಿಸಿದರೆ ಪ್ರತಿ ಬದಿಯಲ್ಲೂ 0.1 ಮಿ.ಮೀ. ಹೋಗಿ ತುಂಡು 19.8 ಆಗುತ್ತದೆ. ಅದೇ ಅಳತೆಯ ತೂತು 20.2 ಆಗುತ್ತದೆ. ಎರಡರ ನಡುವೆ 0.4 ಮಿ.ಮೀ. ಸಡಿಲ. ಅದಕ್ಕೇ ತುಂಡಿನ ಗೆರೆಯನ್ನು 0.1 ಹೊರಗೆ, ತೂತಿನ ಗೆರೆಯನ್ನು 0.1 ಒಳಗೆ ಸರಿಸುತ್ತಾರೆ. ಇದಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಮುಚ್ಚಿದ ಪಾತ್ ಆಗಿದ್ದರೆ ಮಾತ್ರ ಇದು ಸರಿಯಾಗಿ ನಡೆಯುತ್ತದೆ, ತೆರೆದ ಗೆರೆಗೆ ಒಳಗು ಯಾವುದು ಹೊರಗು ಯಾವುದು?

## ಅಳತೆ ಬದಲಾಗುವ ಜಾಗ

ಫೈಲನ್ನು ಎಸ್‌ವಿಜಿ ಅಥವಾ ಡಿಎಕ್ಸ್‌ಎಫ್ ಎಂಬ ವೆಕ್ಟರ್ ಫೈಲಾಗಿ ಉಳಿಸುತ್ತಾರೆ. ಎಸ್‌ವಿಜಿಯಲ್ಲಿ ಕೆಲವೊಮ್ಮೆ ಅಳತೆ ಮಿಲಿಮೀಟರಿನ ಬದಲು ಪಿಕ್ಸೆಲ್‌ನಲ್ಲಿ ಹೋಗುತ್ತದೆ. ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಎನ್ನುವುದರಲ್ಲಿ ಎಲ್ಲರ ಲೆಕ್ಕ ಒಂದೇ ಅಲ್ಲ. ಇಲ್ಲಸ್ಟ್ರೇಟರ್ 72 ಎನ್ನುತ್ತದೆ. ಇಂಕ್‌ಸ್ಕೇಪ್ ಹಿಂದೆ 90 ಎನ್ನುತ್ತಿತ್ತು, 2017ರ 0.92 ಆವೃತ್ತಿಯಿಂದ 96. ಒಂದರಲ್ಲಿ ಉಳಿಸಿ ಇನ್ನೊಂದರಲ್ಲಿ ತೆರೆದಾಗ 100 ಮಿ.ಮೀ. ಹಕ್ಕಿ 75 ಮಿ.ಮೀ. ಆಗಿಬಿಡುವುದು ಹೀಗೆ. ಡಿಎಕ್ಸ್‌ಎಫ್ 1982ರಲ್ಲಿ ಆಟೊಕ್ಯಾಡ್ ಎಂಬ ನಕ್ಷೆ ಬರೆಯುವ ಸಾಫ್ಟ್‌ವೇರ್ ಜೊತೆ ಬಂದದ್ದು. ಅದರಲ್ಲಿ ಇಂಚು ಮತ್ತು ಮಿಲಿಮೀಟರ್ ಅದಲುಬದಲಾದರೆ ಚಿತ್ರ 25.4 ಪಟ್ಟು ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಚಿತ್ರದ ಪಕ್ಕದಲ್ಲಿ ಸರಿಯಾಗಿ 50 ಮಿ.ಮೀ. ಇರುವ ಒಂದು ಚೌಕ ಬರೆದಿಡಿ. ಯಂತ್ರದ ಸಾಫ್ಟ್‌ವೇರಿನಲ್ಲಿ ತೆರೆದು ಆ ಚೌಕವನ್ನು ಅಳೆದರೆ ಸಾಕು, ತಿಳಿಯುತ್ತದೆ. ಕತ್ತರಿಸುವ ಮೊದಲು ಅದನ್ನು ಅಳಿಸಿ.

## ಯಂತ್ರಕ್ಕೆ ಕೊಡುವ ಮುನ್ನ

ಸಾಫ್ಟ್‌ವೇರಿನಲ್ಲಿ ‘ಔಟ್‌ಲೈನ್’ ನೋಟಕ್ಕೆ ಬದಲಿಸಿ. ಆಗ ಗೆರೆಯ ದಪ್ಪ, ತುಂಬಿದ ಬಣ್ಣ ಎಲ್ಲ ಮಾಯವಾಗಿ ಬರೀ ಪಾತ್‌ಗಳು ಕಾಣುತ್ತವೆ. ಯಂತ್ರ ನೋಡುವುದೂ ಹೆಚ್ಚುಕಡಿಮೆ ಇದನ್ನೇ. ಜೋಡಿ ಗೆರೆ, ಮುಳ್ಳು, ಚುಕ್ಕಿ ಎಲ್ಲ ಇಲ್ಲಿ ಸಿಕ್ಕಿಬೀಳುತ್ತವೆ.

ನಂತರ ಬಣ್ಣ ಹಂಚಿ. ಹೆಚ್ಚಿನ ಲೇಸರ್ ಸಾಫ್ಟ್‌ವೇರ್‌ಗಳು ಗೆರೆಯ ಬಣ್ಣ ನೋಡಿ ಕೆಲಸ ಬೇರೆ ಮಾಡುತ್ತವೆ. ಗರಿಗಳಿಗೆ ಒಂದು ಬಣ್ಣ, ಅದಕ್ಕೆ ಕಡಿಮೆ ಪವರ್. ಕಣ್ಣಿಗೆ ಇನ್ನೊಂದು, ಸುತ್ತಿನ ಗೆರೆಗೆ ಮತ್ತೊಂದು. ಮೊದಲು ರಟ್ಟಿನ ಮೇಲೆ ಒಂದು ಸಲ ಓಡಿಸಿ ನೋಡಿ, ಯಂತ್ರದ ಪಕ್ಕದಲ್ಲೇ ನಿಂತಿರಿ, ರಟ್ಟು ಬೇಗ ಬೆಂಕಿ ಹಿಡಿಯುತ್ತದೆ.

ಕೊನೆಗೆ ಸರದಿ. ಮೊದಲು ಗರಿಗಳು ಮೂಡಬೇಕು, ಆಮೇಲೆ ಕಣ್ಣು ತೂತಾಗಬೇಕು. ಮೈಯ ಸುತ್ತ ಮೊದಲೇ ಕತ್ತರಿಸಿದರೆ ಹಕ್ಕಿ ಹಲಗೆಯಿಂದ ಬಿಡಿಸಿಕೊಂಡು ಅಲುಗುತ್ತದೆ, ಉಳಿದ ಗೆರೆಗಳು ಜಾಗ ತಪ್ಪುತ್ತವೆ. ಆದ್ದರಿಂದ ಸುತ್ತಿನ ಗೆರೆ ಎಲ್ಲಕ್ಕಿಂತ ಕೊನೆಗೆ, ಅದೂ ಒಂದೇ ಸಲ.